ಸೋಫಾ ಹಿಡಿಯುತ್ತಾ ಅಂತ ಕೇಳಿ, ಬಣ್ಣ ಕೇಳಬೇಡಿ

ಈಗ ಯಾವ ಅಂಗಡಿಯ ಆ್ಯಪ್ ತೆರೆದರೂ ಚಿತ್ರದ ಕೆಳಗೆ ಒಂದು ಬಟನ್ ಕಾಣುತ್ತದೆ. ಸೋಫಾ ಕೆಳಗೆ ‘ನಿಮ್ಮ ಕೋಣೆಯಲ್ಲಿ ನೋಡಿ’. ಕನ್ನಡಕದ ಕೆಳಗೆ ‘ಹಾಕಿ ನೋಡಿ’. ಗೋಡೆಯ ಬಣ್ಣಕ್ಕೂ ಒಂದು, ಲಿಪ್‌ಸ್ಟಿಕ್‌ಗೂ ಒಂದು. ಫ್ಲ್ಯಾಟ್ ಮಾರುವವರಂತೂ ತಲೆಗೆ ಹೆಡ್‌ಸೆಟ್ಟೇ ಹಾಕಿಬಿಡುತ್ತಾರೆ.

ಈ ವರ್ಷ ಮನೆಗೆ ಸೋಫಾ ಬೇಕಿತ್ತು, ನನಗೆ ಹೊಸ ಕನ್ನಡಕ ಬೇಕಿತ್ತು, ಗೋಡೆಗೆ ಬಣ್ಣ ಹೊಡೆಸಬೇಕಿತ್ತು. ಸಾಲದ್ದಕ್ಕೆ ತಮ್ಮನಿಗೆ ಫ್ಲ್ಯಾಟ್ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು. ಹಾಗಾಗಿ ಈ ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದ ಮೇಲೆ ಇಲ್ಲದ ವಸ್ತು ಇಟ್ಟು ತೋರಿಸುವುದು), ವಿಆರ್ (ಹೆಡ್‌ಸೆಟ್ ಹಾಕಿ ಪೂರ್ತಿ ಬೇರೆ ಜಾಗವನ್ನೇ ತೋರಿಸುವುದು) ಎಲ್ಲವನ್ನೂ ದುಡ್ಡು ಕೊಡುವ ಗಿರಾಕಿಯಾಗಿಯೇ ಬಳಸಿ ನೋಡಿದೆ. ನನ್ನದು ಲೆಕ್ಕಪತ್ರದ ಕೆಲಸ. ಬ್ಯಾಗಿನಲ್ಲಿ ಯಾವಾಗಲೂ ಅಳತೆ ಟೇಪು ಇರುತ್ತದೆ. ಈ ವಿಮರ್ಶೆ ಓದುವಾಗ ಅದು ನೆನಪಿರಲಿ.

ಮೊದಲು ಸೋಫಾ. ಇಷ್ಟರಲ್ಲಿ ನಿಜವಾಗಿ ಕೆಲಸಕ್ಕೆ ಬಂದಿದ್ದು ಇದೇ, ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೀತೀನಿ.

ಬಟನ್ ಒತ್ತಿದರೆ ಕ್ಯಾಮೆರಾ ಶುರುವಾಗುತ್ತದೆ. ‘ಫೋನನ್ನು ನಿಧಾನಕ್ಕೆ ಆಚೀಚೆ ಆಡಿಸಿ’ ಅನ್ನುತ್ತದೆ. ನೆಲದ ಮೇಲೆ ಸಣ್ಣ ಸಣ್ಣ ಚುಕ್ಕಿಗಳು ಹರಡಬೇಕು. ನಮ್ಮ ಮನೆಯಲ್ಲಿ ಹರಡಲಿಲ್ಲ. ಹಾಲ್‌ಗೆ ಹಾಕಿರುವುದು ಬಿಳಿ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ಸೋಫಾ ಏನೋ ಬಂತು, ಆದರೆ ನೆಲದಿಂದ ಒಂದು ಗೇಣು ಮೇಲೆ ತೇಲುತ್ತಾ ನಿಂತಿತು. ನಾನು ಸ್ವಲ್ಪ ಹಿಂದೆ ಸರಿದರೆ ಅದೂ ಜಾರಿಕೊಂಡು ಕಿಟಕಿಯ ಕಡೆ ಹೊರಟಿತು. ಮಗಳಿಗೆ ನಗುವೋ ನಗು.

ಫೋನಿಗೆ ನೆಲ ಎಲ್ಲಿದೆ ಅಂತ ಗೊತ್ತಾಗುವುದು ನೆಲದ ಮೇಲಿನ ಗುರುತುಗಳಿಂದ. ಗೆರೆ, ಕಲೆ, ಚಾಪೆಯ ಅಂಚು, ಹೀಗೆ. ನಾವು ಫೋನ್ ಆಡಿಸಿದಾಗ ಆ ಗುರುತುಗಳು ಎಷ್ಟು ಸರಿದವು ಅಂತ ಕ್ಯಾಮೆರಾ ನೋಡುತ್ತದೆ. ಫೋನ್ ಎಷ್ಟು ಅಲುಗಾಡಿತು ಅಂತ ಒಳಗಿನ ಸೆನ್ಸರ್ ಹೇಳುತ್ತದೆ. ಎರಡನ್ನೂ ತಾಳೆ ಹಾಕಿ ದೂರ, ಗಾತ್ರ ಲೆಕ್ಕ ಮಾಡುತ್ತದೆ. ಒಂದೇ ಬಣ್ಣದ ಹೊಳೆಯುವ ನೆಲದಲ್ಲಿ ಹಿಡಿಯಲು ಗುರುತೇ ಇಲ್ಲ. ಇದ್ದದ್ದು ಟ್ಯೂಬ್‌ಲೈಟಿನ ಪ್ರತಿಬಿಂಬ, ಅದೋ ನಾವು ಸರಿದಂತೆ ತಾನೂ ಸರಿಯುತ್ತದೆ. ಪಾಪ, ಫೋನ್ ತಾನೇ ಏನು ಮಾಡೀತು?

ಉಪಾಯ ಸುಲಭ. ಹಳೇ ನ್ಯೂಸ್‌ಪೇಪರ್ ಹಾಳೆಗಳನ್ನು ನೆಲದ ಮೇಲೆ ಹರಡಿದೆ, ಕಿಟಕಿಯ ಪರದೆ ಪೂರ್ತಿ ಸರಿಸಿದೆ. ಸೋಫಾ ಇಳಿದು ನೆಲದ ಮೇಲೆ ಕೂತಿತು. ಆಮೇಲೆ ಎಲ್ಲಿಗೆ ಹೋದರೂ ಅಲ್ಲಾಡಲಿಲ್ಲ. ನಾನು ಬಳಸಿದ ಯಾವ ಆ್ಯಪ್ಪೂ ಇದನ್ನು ಹೇಳಿಕೊಡಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಈಗ ಟೇಪಿನ ಸರದಿ. ವಿವರದಲ್ಲಿ ಸೋಫಾ ಉದ್ದ 2 ಮೀಟರ್ ಅಂತಿತ್ತು. ಫೋನಿನ ಪರದೆಯಲ್ಲಿ ಅದರ ಎರಡು ತುದಿ ಎಲ್ಲಿ ಕಾಣುತ್ತದೋ ಅಲ್ಲಿ ಮಗಳ ಕೈಯಲ್ಲಿ ಚಾಕ್‌ಪೀಸಿನ ಗೆರೆ ಹಾಕಿಸಿ ಅಳೆದೆ. ಎರಡು ಬೆರಳಗಲ ಕಡಿಮೆ ಬಂತು. ಇದು ಕೆಟ್ಟದ್ದೇನೂ ಅಲ್ಲ. ಪೀಠೋಪಕರಣ ಮಾರುವ ಇಕಿಯ ಕಂಪನಿ 2013ರಲ್ಲಿ ಇದನ್ನು ಮೊದಲು ತಂದಾಗ ಅವರ ಕ್ಯಾಟಲಾಗ್ ಪುಸ್ತಕವನ್ನೇ ನೆಲದ ಮೇಲೆ ಇಡಬೇಕಿತ್ತು. ಆ ಪುಸ್ತಕದ ಅಳತೆ ನೋಡಿ ಆ್ಯಪ್ ಕುರ್ಚಿಯ ಗಾತ್ರ ಅಂದಾಜು ಮಾಡುತ್ತಿತ್ತು. 2017ರಲ್ಲಿ ‘ಇಕಿಯ ಪ್ಲೇಸ್’ ಆ್ಯಪ್ ಬಂತು, ಪುಸ್ತಕ ಬೇಕಾಗಲಿಲ್ಲ. ಗಾತ್ರ ಶೇಕಡಾ 98ರಷ್ಟು ಸರಿ ಇರುತ್ತದೆ ಅಂತ ಕಂಪನಿ ಹೇಳಿಕೊಂಡಿತು. ಕೇಳಲು ಚೆನ್ನಾಗಿದೆ. ಆದರೆ 2 ಮೀಟರ್ ಸೋಫಾಗೆ ಶೇಕಡಾ 2 ಅಂದರೆ 4 ಸೆಂಟಿಮೀಟರ್. ಗೋಡೆಗೂ ಕಂಬಕ್ಕೂ ನಡುವೆ ಇರುವ ಜಾಗ 2 ಮೀಟರ್ ಮೇಲೆ 3 ಸೆಂಟಿಮೀಟರ್ ಮಾತ್ರ ಆದರೆ? ಅಲ್ಲಿ ಟೇಪು ಬೇಕೇ ಬೇಕು.

ಹಾಗಂತ ಟೇಪಿನಿಂದಲೇ ಎಲ್ಲಾ ಆಗುತ್ತದೆ ಅಂತಲೂ ಅಲ್ಲ. ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಬೆನ್ನು ಎತ್ತರ ಇರುವ ಸೋಫಾ. ಉದ್ದ, ಅಗಲ ಎಲ್ಲಾ ಲೆಕ್ಕಕ್ಕೆ ಸರಿಯಾಗಿತ್ತು. ಹಾಲ್‌ನಲ್ಲಿ ಇಟ್ಟು ನೋಡಿದರೆ ಅದರ ಬೆನ್ನು ಸ್ವಿಚ್‌ಬೋರ್ಡನ್ನು ಪೂರ್ತಿ ಮುಚ್ಚಿತ್ತು, ಕಿಟಕಿಯ ಕೆಳಗಿನ ಅರ್ಧವನ್ನೂ ನುಂಗಿತ್ತು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು “ಇದು ಬೇಡ ಬಿಡು” ಅಂದರು. ಅಂಗಡಿಗೆ ಹೋಗಿ, ಕೂತು, ಎದ್ದು, ಚೌಕಾಸಿ ಮಾಡಿ, ಮನೆಗೆ ತರಿಸಿ, ಆಮೇಲೆ ಗೊತ್ತಾಗಬೇಕಿದ್ದ ಸಂಗತಿ ಅದು. ಕಂಪನಿಗಳೂ ಇದಕ್ಕೆ ಇಷ್ಟು ದುಡ್ಡು ಹಾಕುವುದು ಇದೇ ಕಾರಣಕ್ಕೆ. ತಿರುಗಿ ಕಳಿಸಿದ ಸೋಫಾದಷ್ಟು ತಲೆನೋವು ಅವರಿಗೆ ಇನ್ನೊಂದಿಲ್ಲ.

ಎರಡು ಕೊರತೆ ಹೇಳಲೇಬೇಕು. ನನ್ನ ಫೋನ್ ಮಾಮೂಲಿ ಫೋನ್. ಅದಕ್ಕೆ ಯಾವುದು ಹತ್ತಿರ, ಯಾವುದು ದೂರ ಅಂತ ಸರಿಯಾಗಿ ತಿಳಿಯುವುದಿಲ್ಲ. ಮಗಳು ಸೋಫಾ ಮುಂದೆ ಬಂದು ನಿಂತರೂ ಸೋಫಾನೇ ಅವಳ ಮೇಲೆ ಬಂದು ಕೂರುತ್ತದೆ, ಅರ್ಧ ಮಗಳು ಮಾಯ. ಆಫೀಸಿನ ಗೆಳತಿಯ ಐಫೋನ್ ಪ್ರೊದಲ್ಲಿ ಈ ತೊಂದರೆ ಇರಲಿಲ್ಲ. 2020ರಿಂದ ಆ ಪ್ರೊ ಫೋನುಗಳಲ್ಲಿ ಲೈಡಾರ್ ಅನ್ನುವ ಸೆನ್ಸರ್ ಇದೆ. ಅದು ಬೆಳಕು ಚಿಮ್ಮಿಸಿ ದೂರ ಅಳೆಯುತ್ತದೆ. ಇನ್ನೊಂದು ಕೊರತೆ ಹಳೇ ಸಾಮಾನಿನದು. ಹಾಲ್‌ನಲ್ಲಿ ಹಳೇ ಸೋಫಾ ಇನ್ನೂ ಇತ್ತು. ಹೊಸದು ಅದರೊಳಗೇ ತೂರಿಕೊಂಡು, ಯಾವ ಕೈ ಯಾವ ಸೋಫಾದ್ದು ಅಂತ ಗೊತ್ತಾಗದ ಹಾಗಾಯಿತು. ನೋಡಬೇಕಾದರೆ ಹಳೆಯದನ್ನು ಎಳೆದು ಪಕ್ಕಕ್ಕೆ ಹಾಕಬೇಕು. ಇಕಿಯ 2022ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ‘ಕ್ರಿಯೇಟಿವ್’ ಅನ್ನುವ ಸೌಲಭ್ಯದಲ್ಲಿ ಕೋಣೆಯನ್ನು ಸ್ಕ್ಯಾನ್ ಮಾಡಿ ಹಳೇ ಸಾಮಾನನ್ನು ಪರದೆಯಲ್ಲೇ ಅಳಿಸಬಹುದು. ನಾನು ಬಳಸಿದ ಅಂಗಡಿಯ ಆ್ಯಪ್‌ನಲ್ಲಿ ಅದಿಲ್ಲ.

ಹಾಂ, ಇನ್ನೊಂದು. ಸೋಫಾ ಕೂರುವ ಜಾಗ ತೋರಿಸುತ್ತಾರೆ, ಬರುವ ದಾರಿ ಯಾರೂ ತೋರಿಸುವುದಿಲ್ಲ. ಮುಂಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು, ಇವನ್ನು ನಾವೇ ಅಳೆಯಬೇಕು.

ಕನ್ನಡಕದ ‘ಹಾಕಿ ನೋಡಿ’ಗೆ ಬರೋಣ. ಇಲ್ಲಿ ನೋಡಲು ಎಲ್ಲವೂ ಬಹಳ ಚೆಂದ. ಮುಖ ಎಡಕ್ಕೆ ತಿರುಗಿಸಿದರೆ ಫ್ರೇಮೂ ತಿರುಗುತ್ತದೆ, ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಮರೆಯಾಗುತ್ತದೆ. ಗಾತ್ರ ಹೇಗೆ ಗೊತ್ತಾಗುತ್ತದೆ ಅನ್ನುವ ಕುತೂಹಲ ನನಗಿತ್ತು. ಕೆಲವು ಆ್ಯಪ್‌ಗಳು ಎಟಿಎಂ ಕಾರ್ಡಿನಷ್ಟೇ ಇರುವ ಯಾವುದಾದರೂ ಕಾರ್ಡನ್ನು ಹಣೆಗೆ ಹಿಡಿಯಲು ಹೇಳುತ್ತವೆ. ಆ ಕಾರ್ಡುಗಳ ಅಗಲ ಜಗತ್ತಿನಲ್ಲಿ ಎಲ್ಲಿ ಹೋದರೂ 85.6 ಮಿಲಿಮೀಟರ್, ಅದರಿಂದ ಮುಖದ ಲೆಕ್ಕ ಸಿಗುತ್ತದೆ. ಇನ್ನೊಂದು ದಾರಿ ಕಣ್ಣಿನ ಪಾಪೆಯ ಸುತ್ತ ಇರುವ ಬಣ್ಣದ ವೃತ್ತ. ಅದರ ಅಗಲ ಹೆಚ್ಚುಕಡಿಮೆ ಎಲ್ಲರಿಗೂ 11.7 ಮಿಲಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ದಪ್ಪಗಿರಲಿ, ಸಣ್ಣಗಿರಲಿ, ಕಣ್ಣಿನ ಆ ವೃತ್ತ ಮಾತ್ರ ಅಷ್ಟೇ! ಇದು ತಿಳಿದ ಮೇಲೆ ಕನ್ನಡಿ ಮುಂದೆ ಸುಮಾರು ಹೊತ್ತು ನನ್ನ ಕಣ್ಣನ್ನೇ ನೋಡಿಕೊಂಡು ನಿಂತಿದ್ದೆ.

ಆದರೆ ನನ್ನ ಕಷ್ಟ ಬೇರೆ. ನನ್ನದು ಮೈನಸ್ ಏಳರ ಕನ್ನಡಕ. ಪರದೆಯಲ್ಲಿ ಕಾಣುವ ಫ್ರೇಮಿನಲ್ಲಿ ಗಾಜೇ ಇಲ್ಲ ಅನ್ನಿಸುವಷ್ಟು ತೆಳು. ನನ್ನ ಗಾಜು ಅಂಚಿನಲ್ಲಿ ದಪ್ಪ, ಅದರ ಹಿಂದೆ ನನ್ನ ಕಣ್ಣು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ದೊಡ್ಡ ಫ್ರೇಮ್ ತೆಗೆದುಕೊಂಡಷ್ಟೂ ಅಂಚು ಇನ್ನೂ ದಪ್ಪ. ಇದ್ಯಾವುದೂ ಆ ಚಿತ್ರದಲ್ಲಿಲ್ಲ. ಮೂಗಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಬಗ್ಗಿದರೆ ಜಾರುತ್ತದಾ ಅನ್ನುವುದಂತೂ ಯಾವ ಕ್ಯಾಮೆರಾ ಹೇಳೀತು? ಹಾಗಾಗಿ ನನಗೆ ಇದರಿಂದ ಆದ ಉಪಯೋಗ ಒಂದೇ: ದುಂಡು ಫ್ರೇಮ್ ನನ್ನ ಮುಖಕ್ಕೆ ಒಪ್ಪಲ್ಲ ಅಂತ ಮನೆಯಲ್ಲೇ ಕೂತು ಗೊತ್ತಾಯಿತು. ಉಳಿದದ್ದಕ್ಕೆ ಅಂಗಡಿಗೇ ಹೋದೆ. ಶೂನ್ಯ ಪವರ್‌ನ ತಂಪು ಕನ್ನಡಕ ಕೊಳ್ಳುವವರಿಗೆ ಇದು ಸಾಕು.

ಇದರಲ್ಲೇ ಒಂದು ಎಚ್ಚರಿಕೆ. ಮುಖದ ಅಳತೆ ಅಂದರೆ ಬೆರಳಚ್ಚಿನಂತೆ ನಮ್ಮ ಗುರುತು. ಪಾಸ್‌ವರ್ಡ್ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗುತ್ತಾ? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2008ರಿಂದಲೇ ಇದಕ್ಕೊಂದು ಕಾನೂನು ಇದೆ. ಮುಖದ ಅಳತೆ ತೆಗೆಯುವ ಮೊದಲು ಗಿರಾಕಿಗೆ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ‘ಹಾಕಿ ನೋಡಿ’ ಸೌಲಭ್ಯ ಇಟ್ಟ ಕಂಪನಿಗಳ ಮೇಲೆ ಆ ಕಾನೂನಿನಡಿ ಕೇಸುಗಳೂ ಬಿದ್ದಿವೆ. ನಾನು ನೋಡಿದ ಆ್ಯಪ್‌ಗಳಲ್ಲಿ ಒಂದು ಮಾತ್ರ ‘ನಿಮ್ಮ ಮುಖದ ಮಾಹಿತಿ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ’ ಅಂತ ಕಣ್ಣಿಗೆ ಕಾಣುವ ಹಾಗೆ ಬರೆದಿತ್ತು. ಬೇರೆಯವರದ್ದನ್ನು ಉದ್ದದ ನಿಯಮಾವಳಿಯೊಳಗೆ ಹುಡುಕಬೇಕು. ಕ್ಯಾಮೆರಾ ಅನುಮತಿಯನ್ನು ‘ಈ ಸಲಕ್ಕೆ ಮಾತ್ರ’ ಅಂತ ಕೊಡಿ. ಆಮೇಲೆ ಮರೆತರೂ ಚಿಂತೆಯಿಲ್ಲ.

ಲಿಪ್‌ಸ್ಟಿಕ್ ಮಗಳ ವಿಭಾಗ. ಅವಳ ಪ್ರಕಾರ ಸೂಪರ್. ಲೊರಿಯಾಲ್ ಕಂಪನಿ 2018ರಲ್ಲಿ ಮೋಡಿಫೇಸ್ ಅನ್ನುವ ಇಡೀ ಸಂಸ್ಥೆಯನ್ನೇ ಇದಕ್ಕಾಗಿ ಕೊಂಡಿತು ಅಂದರೆ ಅವರಿಗೆ ಇದರಲ್ಲಿ ಲಾಭ ಕಂಡಿರಲೇಬೇಕು. ಹತ್ತಾರು ಜನ ಮುಟ್ಟಿದ ಟೆಸ್ಟರ್ ತುಟಿಗೆ ತಾಗಿಸಬೇಕಿಲ್ಲ ಅನ್ನುವುದೊಂದು ನನಗೂ ಇಷ್ಟವಾಯಿತು. ಆದರೆ ಅವಳು ಪರದೆಯಲ್ಲಿ ಆರಿಸಿದ ಇಟ್ಟಿಗೆ ಕೆಂಪು ಮನೆಗೆ ಬಂದಾಗ ಇನ್ನೊಂದೇ ಕೆಂಪಾಗಿತ್ತು.

ಅಲ್ಲಿಂದ ನೇರ ಗೋಡೆಯ ಬಣ್ಣಕ್ಕೆ ಬರಬಹುದು, ಕಾಯಿಲೆ ಒಂದೇ. ಪೇಂಟ್ ಆ್ಯಪ್‌ನಲ್ಲಿ ಗೋಡೆಯನ್ನು ಮುಟ್ಟಿದರೆ ಸಾಕು, ಗೋಡೆ ತುಂಬಾ ಬಣ್ಣ ಹರಡುತ್ತದೆ. ಕಿಟಕಿಯ ಪರದೆಯ ಮೇಲೂ, ಕ್ಯಾಲೆಂಡರ್ ಮೇಲೂ ಸ್ವಲ್ಪ ಚೆಲ್ಲುತ್ತದೆ, ಇರಲಿ. ನಾನು ಆರಿಸಿದ್ದು ತಿಳಿ ಹಸಿರು. ಬೆಳಗ್ಗೆ ನೋಡಿದರೆ ಹಸಿರು. ರಾತ್ರಿ ಹಳದಿ ಬಲ್ಬಿನಲ್ಲಿ ನೋಡಿದರೂ ಆ್ಯಪ್‌ನಲ್ಲಿ ಹೆಚ್ಚುಕಡಿಮೆ ಅದೇ ಹಸಿರು! ನಿಜವಾದ ಗೋಡೆ ಹಾಗಿರಲು ಸಾಧ್ಯವೇ ಇಲ್ಲ. ಫೋನಿನ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನು ಸರಿ ಮಾಡಿಕೊಳ್ಳುತ್ತದೆ, ಹಳದಿ ಬೆಳಕನ್ನು ಬಿಳಿ ಮಾಡಲು ನೋಡುತ್ತದೆ. ಅದರ ಮೇಲೆ ಆ್ಯಪ್ ತನ್ನ ಬಣ್ಣ ಬಳಿಯುತ್ತದೆ. ಕೊನೆಗೆ ಒಂದೊಂದು ಫೋನಿನ ಪರದೆಯೂ ಒಂದೊಂದು ಥರ. ಅದೇ ಬಣ್ಣ ನಮ್ಮ ಮನೆಯವರ ಫೋನಿನಲ್ಲಿ ನೀಲಿಯ ಕಡೆ ವಾಲಿತ್ತು. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಒಂದು ಚೌಕ ಬಳಿಯಿರಿ. ಬೆಳಗ್ಗೆ, ಸಂಜೆ, ದೀಪ ಹಾಕಿ ನೋಡಿ. ಆ್ಯಪ್‌ಗೆ ಐದಕ್ಕೆ ಒಂದೂವರೆ ನಕ್ಷತ್ರ. ಆ ಅರ್ಧ, ಮಗಳು ಹಾಲ್‌ಗೆ ನೇರಳೆ ಬೇಕು ಅಂತ ಹಠ ಹಿಡಿದಾಗ ಅದು ಎಷ್ಟು ಕೆಟ್ಟದಾಗಿ ಕಾಣುತ್ತದೆ ಅಂತ ಅವಳಿಗೇ ತೋರಿಸಿಕೊಟ್ಟಿದ್ದಕ್ಕೆ.

ಇನ್ನು ವಿಆರ್.

ತಮ್ಮನ ಜೊತೆ ಒಬ್ಬ ಬಿಲ್ಡರ್ ಆಫೀಸಿಗೆ ಹೋದೆ. ಕಟ್ಟಡ ಇನ್ನೂ ಪಾಯ ದಾಟಿರಲಿಲ್ಲ. ಮಾರಾಟದ ಹುಡುಗ ಹೆಡ್‌ಸೆಟ್ ತಂದು, “ಮೇಡಂ, ಕನ್ನಡಕ ತೆಗೆದುಬಿಡಿ” ಅಂದ. ತೆಗೆದರೆ ನನಗೆ ಏನು ಕಾಣುತ್ತೆ, ಮಂಜು. ಪರದೆ ಕಣ್ಣಿಗೆ ಅಂಟಿಕೊಂಡ ಹಾಗಿದ್ದರೂ ಒಳಗಿನ ಲೆನ್ಸ್ ಅದನ್ನು ಒಂದೆರಡು ಮೀಟರ್ ದೂರದಲ್ಲಿ ಇರುವ ಹಾಗೆ ಕಣ್ಣಿಗೆ ಕೊಡುತ್ತದೆ. ದೂರದ್ದು ಕಾಣದವರಿಗೆ ಕನ್ನಡಕ ಬೇಕೇ ಬೇಕು. ಕೆಲವು ಹೆಡ್‌ಸೆಟ್‌ಗಳಿಗೆ ಇದಕ್ಕೇ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಬರುತ್ತದೆ, ಸಿಕ್ಕಿಸಿದರೆ ಕನ್ನಡಕಕ್ಕೆ ಜಾಗವಾಗುತ್ತದೆ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಹೇಗೋ ಒತ್ತಿ ಹಾಕಿಕೊಂಡೆ.

ಒಳಗೆ ಅರಮನೆ. ಎತ್ತರದ ಚಾವಣಿ, ಹೊಳೆಯುವ ಕಲ್ಲು, ಗಾಳಿಗೆ ಆಡುವ ಪರದೆ. ಪೂರ್ವದ ಕೋಣೆಯಲ್ಲಿ ಬೆಳಗಿನ ಬಿಸಿಲು. ಪಶ್ಚಿಮದ ಅಡುಗೆಮನೆಗೆ ಹೋದರೆ ಅಲ್ಲೂ ಬೆಳಗಿನ ಬಿಸಿಲು! ಕಿಟಕಿಯಾಚೆ ಬರೀ ಮರಗಳು, ಪಕ್ಕದ ಕಟ್ಟಡ ನಾಪತ್ತೆ. ನಾವು ಬರುವಾಗ ನೋಡಿದ್ದೆವಲ್ಲ, ಅಲ್ಲೇ ಇತ್ತು ಅದು, ಪಕ್ಕಕ್ಕೇ. ಆಮೇಲೆ ಗಮನಿಸಿದೆ, ಒಂದು ಕೋಣೆಗೂ ಬಾಗಿಲಿಲ್ಲ. ಚೌಕಟ್ಟು ಮಾತ್ರ. ಬಾಗಿಲು ಒಳಗೆ ತೆರೆದರೆ ಅಷ್ಟು ಜಾಗ ತಿನ್ನುತ್ತದೆ, ಇಲ್ಲದಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದೆ.

“ಈ ಮಂಚ ಎಷ್ಟು ಉದ್ದ?” ಅಂತ ಕೇಳಿದೆ.

“ಅದು ಸುಮ್ನೆ ಡೆಕೊರೇಷನ್‌ಗೆ ಮೇಡಂ.”

“ಆದರೂ ಎಷ್ಟು?”

ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ. ಐದೂವರೆ ಅಡಿ. ನನ್ನ ತಮ್ಮ ಆರಡಿ. “ಅಕ್ಕಾ, ಕಾಲು ಬಾಲ್ಕನಿಯಲ್ಲಿ ಇಟ್ಕೊಂಡು ಮಲಗ್ತೀನಿ” ಅಂದ. ಮಂಚ ಚಿಕ್ಕದಿಟ್ಟರೆ ಸುತ್ತ ಓಡಾಡುವ ಜಾಗ ತಾನಾಗಿ ಹೆಚ್ಚುತ್ತದೆ. ಮಾದರಿ ಮನೆಗಳಲ್ಲಿ ಮೊದಲಿನಿಂದ ನಡೆದು ಬಂದ ಜಾಣತನ, ಈಗ ಹೆಡ್‌ಸೆಟ್ ಒಳಗೆ ಸೇರಿದೆ ಅಷ್ಟೇ.

ಹೊರಬರುವ ಹೊತ್ತಿಗೆ ನನಗೆ ಹೊಟ್ಟೆ ತೊಳೆಸುತ್ತಿತ್ತು. ಓಡುವ ಬಸ್ಸಿನಲ್ಲಿ ಪುಸ್ತಕ ಓದಿದರೆ ಆಗುತ್ತದಲ್ಲ, ಹಾಗೆ. ಬಸ್ಸಿನಲ್ಲಿ ಕಿವಿಯೊಳಗಿನ ಸಮತೋಲನದ ಅಂಗ ‘ಚಲಿಸ್ತಿದೀವಿ’ ಅನ್ನುತ್ತದೆ, ಪುಟದ ಮೇಲಿನ ಕಣ್ಣು ‘ಇಲ್ಲ’ ಅನ್ನುತ್ತದೆ. ಇಲ್ಲಿ ಉಲ್ಟಾ. ಹುಡುಗ ತನ್ನ ಕೈಯಲ್ಲಿದ್ದ ರಿಮೋಟಿನಂಥ ಕಡ್ಡಿಯಿಂದ ನನ್ನನ್ನು ಹಾಲ್ ತುಂಬಾ ತೇಲಿಸಿಕೊಂಡು ಹೋದ, ನಾನು ಕುರ್ಚಿಯಲ್ಲೇ ಇದ್ದೆ. ಒಂದು ಜಾಗದಿಂದ ಇನ್ನೊಂದಕ್ಕೆ ಟಕ್ ಅಂತ ನೆಗೆಯುವ ಆಯ್ಕೆಯೂ ಇರುತ್ತದೆ, ಅದರಲ್ಲಿ ಇಷ್ಟು ತೊಂದರೆ ಇಲ್ಲ. ಹೆಡ್‌ಸೆಟ್ ಹಾಕಿಕೊಳ್ಳುವ ಮೊದಲೇ ಅದನ್ನು ಕೇಳಿ.

ಇದಕ್ಕಿಂತ ನೂರು ಪಾಲು ವಾಸಿ ಅನ್ನಿಸಿದ್ದು ಹೆಡ್‌ಸೆಟ್ಟೇ ಬೇಕಿಲ್ಲದ ಇನ್ನೊಂದು ಬಗೆ. ಕಟ್ಟಿ ಮುಗಿದ ಮನೆಯೊಳಗೆ ಮ್ಯಾಟರ್‌ಪೋರ್ಟ್‌ನಂಥ ಕ್ಯಾಮೆರಾ ಇಟ್ಟು, ಕೋಣೆ ಕೋಣೆ ಸ್ಕ್ಯಾನ್ ಮಾಡಿ, ಲಿಂಕ್ ಕಳಿಸುತ್ತಾರೆ. ಮಾಮೂಲಿ ಫೋನಿನಲ್ಲೇ ಓಡಾಡಬಹುದು. ತಮ್ಮ ನೋಡಿದ ಒಂದು ಹಳೇ ಫ್ಲ್ಯಾಟಿನಲ್ಲಿ ಬಚ್ಚಲಿನ ಮೂಲೆಯ ತೇವದ ಕಲೆ, ಅಡುಗೆಮನೆಯಲ್ಲಿ ಸಿಂಕಿಗೆ ಅಂಟಿಕೊಂಡ ಹಾಗೇ ಇರುವ ಪ್ಲಗ್ ಪಾಯಿಂಟು, ಎಲ್ಲಾ ಇದ್ದ ಹಾಗೇ ಕಂಡವು. ಅದರಲ್ಲೇ ಎರಡು ಕಡೆ ಒತ್ತಿ ಗೋಡೆಯ ಉದ್ದ ಅಳೆಯಬಹುದಿತ್ತು. ಒಂದು ಇರುವ ಮನೆಯನ್ನು ತೋರಿಸುತ್ತದೆ, ಇನ್ನೊಂದು ಬಿಲ್ಡರ್ ಮನಸ್ಸಿನಲ್ಲಿರುವ ಮನೆಯನ್ನು. ಎರಡನ್ನೂ ‘ವರ್ಚುವಲ್ ಟೂರ್’ ಅಂತಲೇ ಕರೆಯುತ್ತಾರೆ, ಹುಷಾರಾಗಿರಿ.

ಬರೀ ಗಮನ ಸೆಳೆಯಲು ಮಾಡುವ ಎಆರ್, ವಿಆರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. 2014ರಲ್ಲಿ ಮ್ಯಾರಿಯಟ್ ಹೋಟೆಲಿನವರು ಒಂದು ಪೆಟ್ಟಿಗೆಯಂಥ ಗೂಡಿನಲ್ಲಿ ಜನರನ್ನು ನಿಲ್ಲಿಸಿ, ಹೆಡ್‌ಸೆಟ್ ಹಾಕಿ, ಹವಾಯಿಯ ಕಡಲತೀರ ತೋರಿಸಿದ್ದರು. ಜೊತೆಗೆ ಗಾಳಿ, ಬಿಸಿ, ನೀರಿನ ಹನಿ. ಸುದ್ದಿಯೇನೋ ಆಯಿತು. ನನ್ನ ಪಾಲಿಗೆ ಬಂದದ್ದು ಯಾವುದೋ ಸಾಮಾನಿನ ಪೆಟ್ಟಿಗೆ ಮೇಲಿನ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಮೇಜಿನ ಮೇಲೆ ಒಂದು ಕರಡಿ ಕುಣಿಯಿತು. ಸರಿ, ಆಮೇಲೆ? ಆಮೇಲೆ ಏನೂ ಇಲ್ಲ. ಇದೇ ಸಾಲಿನಲ್ಲಿ ನೆಟ್ಟಗೆ ಗಿರಾಕಿಯನ್ನು ಬಾಗಿಲಿಗೆ ತಂದದ್ದು ಅಂದರೆ 2016ರ ಪೋಕೆಮಾನ್ ಗೋ, ಫೋನ್ ಹಿಡಿದು ಊರೆಲ್ಲ ಸುತ್ತಿ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಆಟ. ಜಪಾನಿನ ಮೆಕ್‌ಡೊನಾಲ್ಡ್ಸ್ ತನ್ನ ಸುಮಾರು 3,000 ಮಳಿಗೆಗಳನ್ನು ಆಟದ ಜಾಗಗಳನ್ನಾಗಿ ಮಾಡಿಸಿಕೊಂಡಿತ್ತು. ತಮಾಷೆ ಏನು ಗೊತ್ತಾ? ಆಡುವವರಲ್ಲಿ ಎಷ್ಟೋ ಜನ ಬ್ಯಾಟರಿ ಉಳಿಸಲು ಎಆರ್ ಅನ್ನೇ ಆಫ್ ಮಾಡಿಕೊಂಡು ಆಡುತ್ತಿದ್ದರು. ಅವರನ್ನು ನಡೆಸಿಕೊಂಡು ಬಂದದ್ದು ಆಟ.

ಸದ್ಯ ನಾನು ವಾರ್ಡ್‌ರೋಬ್ ನೋಡುತ್ತಿದ್ದೇನೆ. ಈ ಅಂಗಡಿಯ ಪುಟದಲ್ಲಿ ಆ್ಯಪ್ ಇಳಿಸಿಕೊಳ್ಳುವ ರಗಳೆಯೂ ಇಲ್ಲ, ಬ್ರೌಸರಿನಲ್ಲೇ ಬಟನ್ ಒತ್ತಿದರೆ ಕ್ಯಾಮೆರಾ ಶುರು. ಅದರ ಜೊತೆಗೆ ಬೇರೆಲ್ಲೂ ಕಾಣದ ಒಂದು ಪುಟ್ಟ ಬಟನ್ ಇದೆ: ‘ಬಾಗಿಲು ತೆರೆಯಿರಿ’. ಒತ್ತಿದೆ. ವಾರ್ಡ್‌ರೋಬಿನ ಬಲಬಾಗಿಲು ಮುಕ್ಕಾಲು ತೆರೆದು ನೇರ ನಮ್ಮ ಮಂಚದೊಳಕ್ಕೆ ಹೋಯಿತು. ಟೇಪು ಹಿಡಿದು ನೋಡಿದೆ, ಫೋನ್ ಹೇಳಿದ್ದೇ ಸರಿ, ತಾಗುತ್ತದೆ. ಸರಿಯುವ ಬಾಗಿಲಿನ ಮಾದರಿ ಅದೇ ಪುಟದಲ್ಲಿದೆ, ಭಾನುವಾರ ಅಂಗಡಿಗೆ ಹೋಗಿ ಅದರ ಬಣ್ಣ ಮಾತ್ರ ಕಣ್ಣಾರೆ ನೋಡಿ ಬರಬೇಕು.